‘ಈಗ ಬಂದ್ವಿ’ ಎಂದು ಹೇಳಿ ಬರ್ಮುಡಾದಲ್ಲಿ ಕಾಣೆಯಾದದ್ದು

ಘಾಜಿಯಾಬಾದ್

ಬರ್ಮುಡಾಗೆ ಹೊರಟಿದ್ದೇವೆ ಎಂದಾಗ ಪಕ್ಕದ ಫ್ಲ್ಯಾಟಿನ ಮಿಸೆಸ್ ಚೋಪ್ರಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಬರ್ಮುಡಾ? ವೋ ತೋ ಪೆಹೆನ್‌ತೇ ಹೈಂ!" ಎಂದರು. ಅದು ತೊಡುವ ಚಡ್ಡಿಯಲ್ಲವೇ, ಅಲ್ಲಿಗೆ ಹೋಗುವುದು ಹೇಗೆ ಅಂತ ಅವರ ಅನುಮಾನ. ಆ ಚಡ್ಡಿಗೆ ಹೆಸರು ಕೊಟ್ಟ ದ್ವೀಪವೇ ಒಂದಿದೆ, ಅಟ್ಲಾಂಟಿಕ್ ಸಾಗರದ ನಟ್ಟನಡುವೆ ಇದೆ, ಅದರ ಸುತ್ತಮುತ್ತ ಹಡಗುಗಳೂ ವಿಮಾನಗಳೂ ಗುರುತು ಸಿಗದಂತೆ ಮಾಯವಾಗುತ್ತವಂತೆ ಅಂತ ಬಿಡಿಸಿ ಹೇಳಿದೆ. "ಹಾಯ್ ರಾಮ್! ಮತ್ಯಾಕೆ ಹೋಗ್ತಾ ಇದ್ದೀರಿ?" ಅಂತ ಹಿಂದಿಯಲ್ಲಿ ಗಾಬರಿಯಾದರು. ನಾನೂ ನಮ್ಮವರಿಗೆ ಬೆಳಿಗ್ಗೆ ಸಂಜೆ ಅದನ್ನೇ ಕೇಳುತ್ತಿದ್ದೆ.

ನಮ್ಮವರ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರು ದೆಹಲಿಯ ಮುಖರ್ಜಿ ನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಭೂಗೋಳ ಹೇಳಿಕೊಡುತ್ತಾರೆ. ಮಧ್ಯಾಹ್ನ ಛೋಲೆ ಭಟೂರೆ ತಿಂದು ಬಂದು ತೂಕಡಿಸುವ ಹುಡುಗರನ್ನು ಎಬ್ಬಿಸಬೇಕಾದರೆ ಬೋರ್ಡಿನ ಮೇಲೆ ಸುಮ್ಮನೆ ಒಂದು ತ್ರಿಕೋನ ಬರೆಯುತ್ತಾರೆ. ಅಷ್ಟಕ್ಕೇ ಇಡೀ ಕ್ಲಾಸು ನೆಟ್ಟಗೆ ಕೂರುತ್ತದಂತೆ. ಹುಡುಗರೆಲ್ಲ ಅವರನ್ನು ಕರೆಯುವುದೇ 'ಟ್ರಯಾಂಗಲ್ ಸರ್' ಅಂತ. ತರಬೇತಿಗೆ ಹಾರಿದ ಐದು ವಿಮಾನಗಳು ಒಟ್ಟಿಗೇ ಇಲ್ಲವಾದದ್ದು, ಅವುಗಳನ್ನು ಹುಡುಕಲು ಹೋದ ವಿಮಾನವೂ ವಾಪಸ್ಸು ಬಾರದೇ ಇದ್ದದ್ದು, ಮುನ್ನೂರು ಚಿಲ್ಲರೆ ಜನರಿದ್ದ ದೊಡ್ಡ ಹಡಗೊಂದು ಒಂದು ಕೂಗೂ ಹಾಕದೆ ಕಾಣದಂತಾದದ್ದು, ಎಲ್ಲ ಬಾಯಿಪಾಠ. ಅವರಿಗೆ ತುಂಬ ಇಷ್ಟವಾದದ್ದು ಇನ್ನೊಂದಿದೆ. ನಡುಗಡಲಲ್ಲಿ ಒಂದು ಹಡಗು ಸಿಗುತ್ತದೆ. ಮೇಜಿನ ಮೇಲೆ ಊಟದ ತಟ್ಟೆಗಳು, ಕಪ್ಪಿನಲ್ಲಿ ಹಬೆಯಾಡುವ ಕಾಫಿ, ಹಡಗಿನಲ್ಲಿ ಮಾತ್ರ ಒಂದು ನರಪಿಳ್ಳೆ ಇಲ್ಲ! ಕಾಫಿ ಹಬೆಯಾಡುತ್ತಿತ್ತು ಅಂತ ನಿಮಗೆ ಹೇಳಿದ್ದು ಯಾರು ಎಂದು ಕೇಳಿದರೆ, "ನಿನಗೆ ಕಥೆ ಕೇಳೋಕೇ ಬರಲ್ಲ ಬಿಡು" ಅಂತಾರೆ.

ಮಗಳು ಅನಘಾಗೆ ಚಿಕ್ಕಂದಿನಲ್ಲಿ ಊಟ ಮಾಡಿಸುತ್ತಿದ್ದದ್ದು ಅವರೇ. ಒಂದು ತುತ್ತಿಗೆ ಒಂದು ಹಡಗು ಮುಳುಗಿಸುತ್ತಿದ್ದರು. ಬೇರೆ ಮಕ್ಕಳಾದರೆ ಹೆದರಿ ಅಳುತ್ತಿದ್ದವು. ಇವಳು ಬಾಯಿ ಅಗಲಿಸಿ, "ಆಮೇಲೆ ಎಲ್ಲಿಗೆ ಹೋಯ್ತು?" ಅಂತಿದ್ದಳು. ಆ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. ಮುನಿರ್ಕಾದಲ್ಲಿ ಗಾಳಿ ಬೆಳಕಿಲ್ಲದ ಒಂದು ರೂಮು ಹಿಡಿದು, ಪಕ್ಕದ ಯೂನಿವರ್ಸಿಟಿಯಲ್ಲಿ ಸಮುದ್ರದ ಪ್ರವಾಹಗಳ ಮೇಲೆ ಸಂಶೋಧನೆಗೆ ಸೇರಿದಳು. ದೆಹಲಿಯಲ್ಲಿ ಕೂತು ಸಮುದ್ರ ಓದುವವರೂ ಇದ್ದಾರೆ ಅಂತ ನನಗೆ ಗೊತ್ತಾದದ್ದೇ ಆಗ. ಈಗ ಕೆಲವು ತಿಂಗಳಿಂದ ಬರ್ಮುಡಾದ ಒಂದು ಸಂಶೋಧನಾ ಕೇಂದ್ರದಲ್ಲಿದ್ದಾಳೆ. ಅಲ್ಲಿಂದ ಫೋನ್ ಮಾಡಿ, ನೀರಿನ ಮಾದರಿ ತರಲು ತಾನೂ ಹಡಗಿನಲ್ಲಿ ಹೋಗಬೇಕು ಎಂದಳು. ಎಲ್ಲಿಗೆ? ಅದೇ ತ್ರಿಕೋನದ ಒಳಕ್ಕೆ.

ಸುತರಾಂ ಬೇಡ ಎಂದೆ. ಒಂದು ವಾರ ಅವಳೂ ಮುಖ ಊದಿಸಿಕೊಂಡಿದ್ದಳು, ನಾನೂ ಊದಿಸಿಕೊಂಡಿದ್ದೆ. ಕೊನೆಗೆ ಅವಳೇ, "ಅಮ್ಮ, ನೀನೂ ಅಪ್ಪನೂ ಇಲ್ಲಿಗೆ ಬನ್ನಿ. ಹಡಗು ನೋಡು, ಸಮುದ್ರ ನೋಡು, ಜನರನ್ನ ನೋಡು. ನೋಡಿದ ಮೇಲೂ ಬೇಡ ಅಂದ್ರೆ ನಾನು ಹೋಗಲ್ಲ. ಪಕ್ಕಾ" ಎಂದಳು. ಹೀಗೆ ನನ್ನ ಒಂದು ಮಾತಿಗಾಗಿ ನಾವು ಬರ್ಮುಡಾಗೆ ಹೊರಟದ್ದು. ನಮ್ಮವರು ಸೂಟ್‌ಕೇಸು ಇಳಿಸಿ ಧೂಳು ಕೊಡವುತ್ತಾ ಸಿಳ್ಳೆ ಹಾಕುತ್ತಿದ್ದರು. ನಾನು ಚಟ್ನಿಪುಡಿ ಕುಟ್ಟುತ್ತಾ 'ಬೇಡ' ಅನ್ನುವ ಮಾತನ್ನು ಯಾವ ರಾಗದಲ್ಲಿ ಹೇಳಿದರೆ ಮಗಳಿಗೆ ನೋವಾಗುವುದಿಲ್ಲ ಅಂತ ಯೋಚಿಸುತ್ತಿದ್ದೆ.

ನಮ್ಮ ಮನೆಯ ಇನ್ನೊಂದು ಹಳೇ ಜಗಳವನ್ನೂ ಇಲ್ಲೇ ಹೇಳಬೇಕು. ಅನಘಾ ದೆಹಲಿಯಲ್ಲಿ ಹುಟ್ಟಿ ಬೆಳೆದವಳು. ಮನೆ ಬಿಡುವಾಗ "ಅಮ್ಮ, ಹೋಗ್ತೀನಿ" ಅಂತ ಕೂಗುತ್ತಿದ್ದಳು. ಹಿಂದಿಯ 'ಜಾ ರಹೀ ಹೂಂ' ಅವಳ ತಲೆಯಲ್ಲಿ. ನಾನು ಲಿಫ್ಟಿನ ಬಾಗಿಲಿಂದ ಅವಳನ್ನು ವಾಪಸ್ಸು ಕರೆದು "ಬರ್ತೀನಿ ಅನ್ನು" ಅಂತ ಹೇಳಿಸುತ್ತಿದ್ದೆ. "ಹೋಗ್ತಾ ಇರೋದು ನಾನು, ಬರ್ತೀನಿ ಅಂದ್ರೆ ಸುಳ್ಳಲ್ವಾ? ನೀನಂತೂ ಹಾಲು ತರೋಕೆ ಹೋಗುವಾಗ 'ಈಗ ಬಂದೆ' ಅಂತೀಯ. ಇನ್ನೂ ಚಪ್ಪಲೀನೇ ಹಾಕಿಲ್ಲ, ಆಗಲೇ ಬಂದೆ! ವಾಟ್ ಲಾಜಿಕ್, ಅಮ್ಮ?" ಅಂತ ವಾದ ಹೂಡುತ್ತಿದ್ದಳು. ಲಾಜಿಕ್ಕೂ ಇಲ್ಲ ಏನೂ ಇಲ್ಲ, ಹೇಳು ಅಂದ್ರೆ ಹೇಳಬೇಕು ಅಂತ ಗದರುತ್ತಿದ್ದೆ.

ಆಕಾಶ

ಲಂಡನ್ನಿನಲ್ಲಿ ವಿಮಾನ ಬದಲಿಸಿದೆವು. ಅಲ್ಲಿಂದ ಮುಂದೆ ಕೆಳಗೆ ನೀರು, ನೀರು, ಮತ್ತೂ ನೀರು. ನಮ್ಮವರು ಕಿಟಕಿಗೆ ಮೂಗು ಒತ್ತಿ ಕೂತಿದ್ದರು. ನಾನು ಕಣ್ಣು ಮುಚ್ಚಿ, ನೆನಪಾದ ಸ್ತೋತ್ರಗಳನ್ನೆಲ್ಲ ಹೇಳಿಕೊಂಡು, ಮುಗಿದ ಮೇಲೆ ಮಗ್ಗಿ ಹೇಳಿಕೊಂಡೆ.

"ಈಗ ತ್ರಿಕೋನದ ಮೂಲೆಗೆ ಬಂದ್ವಿ ಕಣೇ!" ಅಂತ ಇವರು ನನ್ನ ಮೊಣಕೈ ತಿವಿದರು.

"ರೀ, ಸ್ವಲ್ಪ ಮೆಲ್ಲಗೆ ಹೇಳಿ. ವಿಮಾನಕ್ಕೆ ಕೇಳಿಸೀತು" ಎಂದೆ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಉಲ್ಲನ್ ಹೆಣೆಯುತ್ತಿದ್ದರು. ದ್ವೀಪದವರೇ. ನಮ್ಮವರು ನನ್ನ ಮೇಲಿಂದ ಬಾಗಿ, ಈ ಜಾಗದಲ್ಲಿ ಹಾರಾಡೋಕೆ ನಿಮಗೆ ಭಯ ಆಗಲ್ವಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಅಜ್ಜಿ ಬಹಳ ಹೊತ್ತು ಯೋಚಿಸಿ, "ಆಗುತ್ತೆ. ನನ್ನನ್ನ ಕರೆದುಕೊಂಡು ಹೋಗೋಕೆ ಏರ್‌ಪೋರ್ಟಿಗೆ ನಾದಿನಿ ಬಂದಿರ್ತಾಳೆ" ಎಂದರು. ಅವತ್ತು ನಾನು ಮೊದಲ ಸಲ ನಕ್ಕೆ. ಅಷ್ಟರಲ್ಲಿ ಕೆಳಗೆ ಹಸಿರು, ಅದರ ಸುತ್ತ ಬಳೆ ತೊಟ್ಟ ಹಾಗೆ ತಿಳಿನೀಲಿ ನೀರು, ಒಳಗೆಲ್ಲ ಪುಟ್ಟ ಪುಟ್ಟ ಬಿಳಿ ಸೂರುಗಳು ಕಂಡವು. ವಿಮಾನ ಸುಸೂತ್ರವಾಗಿ ಇಳಿಯಿತು. ನಮ್ಮವರ ಮುಖದಲ್ಲಿ ಒಂದು ಚೂರು ನಿರಾಸೆ ಕಂಡಿತು, ಆಣೆ ಮಾಡಿ ಹೇಳುತ್ತೇನೆ.

ಮಿಸ್ ಐವಿಯ ಮನೆ

ಅನಘಾ ಬಾಡಿಗೆಗಿದ್ದದ್ದು ಮಿಸ್ ಐವಿ ಎನ್ನುವವರ ಮನೆಯಲ್ಲಿ. ಎಪ್ಪತ್ತು ದಾಟಿದ ಹೆಂಗಸು, ನನ್ನ ಎರಡರಷ್ಟು ಗಾತ್ರ, ಕಪ್ಪು ಕೆನ್ನೆಯ ಮೇಲೆ ಯಾವಾಗಲೂ ಕುಣಿಯುವ ನಗು. ಗುಲಾಬಿ ಬಣ್ಣದ ಮನೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬಿಳೀ ಸೂರು. ಆ ದ್ವೀಪದಲ್ಲಿ ನದಿ ಇಲ್ಲ, ಕೆರೆಯಿಲ್ಲ. ಸೂರಿನ ಮೇಲೆ ಬಿದ್ದ ಮಳೆನೀರು ಮೆಟ್ಟಿಲಿಳಿದು ಮನೆಯ ಕೆಳಗಿನ ತೊಟ್ಟಿಗೆ ಸೇರುತ್ತದೆ. ವರ್ಷವಿಡೀ ಅದೇ ನೀರು. ಅವರು ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸುವುದನ್ನು ನೋಡಿ ನನಗೆ ತವರಿನವರೇ ಸಿಕ್ಕಷ್ಟು ಖುಷಿಯಾಯಿತು. ಘಾಜಿಯಾಬಾದಿನ ಬೇಸಗೆಯಲ್ಲಿ ಟ್ಯಾಂಕರ್ ಭಯ್ಯಾನಿಗೆ ಕಾದು ಕಾದು ನಾವೂ ಅದೇ ಪಾಠ ಕಲಿತವರು.

ಆದರೆ ಮೊದಲ ದಿನವೇ ಬೈಸಿಕೊಂಡೆ. ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋಗಿ, ದೆಹಲಿಯ ಅಭ್ಯಾಸದಲ್ಲಿ ನೇರವಾಗಿ "ಬಿಸಿನೀರು ಎಲ್ಲಿ?" ಎಂದೆ. ಮಿಸ್ ಐವಿ ತಿರುಗಿ ನೋಡಿ, ನಿಧಾನವಾಗಿ, "ಗುಡ್ ಮಾರ್ನಿಂಗ್" ಎಂದರು. ನಾನು ಮತ್ತೆ ಬಿಸಿನೀರು ಎಂದೆ. ಅವರು ಮತ್ತೆ ಗುಡ್ ಮಾರ್ನಿಂಗ್ ಎಂದರು. ನಾನು ಗುಡ್ ಮಾರ್ನಿಂಗ್ ಹೇಳುವ ತನಕ ನೀರು ಸಿಗಲಿಲ್ಲ. ಆ ಊರಿನಲ್ಲಿ ಅದೇ ನಿಯಮ. ಬಸ್ಸು ಹತ್ತಿದರೆ ಇಡೀ ಬಸ್ಸಿಗೆ ಗುಡ್ ಮಾರ್ನಿಂಗ್, ಅಂಗಡಿಗೆ ಕಾಲಿಟ್ಟರೆ ಎಲ್ಲರಿಗೂ ಗುಡ್ ಮಾರ್ನಿಂಗ್, ದಾರಿ ಕೇಳುವ ಮುಂಚೆ ಗುಡ್ ಮಾರ್ನಿಂಗ್. ರಾಜೀವ್ ಚೌಕ ಮೆಟ್ರೋದ ಜನಜಂಗುಳಿಯಲ್ಲಿ ಹೀಗೆ ಶುರುಮಾಡಿದರೆ ಕೊನೆಯ ಗುಡ್ ಮಾರ್ನಿಂಗ್ ಹೇಳುವಷ್ಟರಲ್ಲಿ ನನಗೆ ಇನ್ನೊಂದು ಪೆನ್ಷನ್ ಬರುತ್ತದೆ.

ಇನ್ನೊಂದು ನಿಯಮ ಆ ಮನೆಯದೇ. ಕಿಟಕಿಯ ಹಲಗೆಯ ಮೇಲೆ ಮನೆಯಲ್ಲಿರುವ ಒಬ್ಬೊಬ್ಬರಿಗೂ ಒಂದೊಂದು ಕಪ್ಪು. ಹೊರಗೆ ಹೋಗುವವರು ತಮ್ಮ ಕಪ್ಪನ್ನು ಬೋರಲು ಹಾಕಿ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೋಗಬೇಕು. ಬಂದ ಮೇಲೆ ನೆಟ್ಟಗೆ ಇಡಬೇಕು. ನೆಟ್ಟಗಿದ್ದರೆ ಆ ಮನುಷ್ಯ ಒಳಗಿದ್ದಾನೆ ಅಂತ. ನಮಗೂ ಎರಡು ಕಪ್ಪು ಕೊಟ್ಟರು. ಇದೇನು ಹಾಸ್ಟೆಲ್ಲಾ ಅಂತ ನಮ್ಮವರು ಗೊಣಗಿದರು. ನನಗೆ ಮಾತ್ರ ಹಿಡಿಸಿತು. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಮಿಸ್ ಐವಿ "ಇನ್ನೊಂದು ದಿನ ಹೇಳ್ತೀನಿ" ಎಂದು ನಕ್ಕರು.

ಸಂಜೆಯಾಗುತ್ತಲೇ ಮರಗಳಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಕಪ್ಪೆಗಳು ಸಿಳ್ಳೆ ಹಾಕಲು ಶುರುಮಾಡಿದವು. ನಮ್ಮವರೂ ಜೊತೆಗೆ ಸಿಳ್ಳೆ ಹಾಕಿದರು.

ಹ್ಯಾಮಿಲ್ಟನ್

ಹ್ಯಾಮಿಲ್ಟನ್ ಅಲ್ಲಿನ ದೊಡ್ಡ ಊರು. ದೊಡ್ಡ ಅಂದರೆ ನಮ್ಮ ಕನಾಟ್ ಪ್ಲೇಸಿನಲ್ಲಿ ಹಿಡಿಸೀತು. ಅಲ್ಲಿ ನೋಡಿದ ದೃಶ್ಯ ಮಿಸೆಸ್ ಚೋಪ್ರಾಗೆ ತೋರಿಸಬೇಕಿತ್ತು. ಆಫೀಸಿನಿಂದ ಗಂಭೀರವಾಗಿ ಹೊರಬರುತ್ತಿದ್ದ ಅಧಿಕಾರಿಗಳೆಲ್ಲ ಮೇಲೆ ಕೋಟು ಟೈ, ಕೆಳಗೆ ಮೊಣಕಾಲ ತನಕ ಚಡ್ಡಿ, ಅದರ ಕೆಳಗೆ ಉದ್ದ ಸಾಕ್ಸು! ಒಬ್ಬೊಬ್ಬರದು ಒಂದೊಂದು ಬಣ್ಣ. ನಾನು ಇಡೀ ನೌಕರಿಯನ್ನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕಳೆದವಳು. ನಮ್ಮ ಜಂಟಿ ಕಾರ್ಯದರ್ಶಿಗಳು ಗುಲಾಬಿ ಚಡ್ಡಿಯಲ್ಲಿ ಕಡತಕ್ಕೆ ಸಹಿ ಹಾಕುವುದನ್ನು ನೆನೆಸಿಕೊಂಡು ರಸ್ತೆಯಲ್ಲೇ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಮ್ಮವರು ನಗಲಿಲ್ಲ. ಅಂಗಡಿಗೆ ನುಗ್ಗಿ, ಗುಡ್ ಮಾರ್ನಿಂಗ್ ಹೇಳಿ, ಒಂದು ಗುಲಾಬಿ ಚಡ್ಡಿ ಕೊಂಡೇಬಿಟ್ಟರು.

ಕಂಡಕಂಡವರಿಗೆಲ್ಲ ತ್ರಿಕೋನದ ರಹಸ್ಯ ಕೇಳುವುದು ಅವರ ಇನ್ನೊಂದು ಕೆಲಸ. ಬಸ್ಸಿನವರು, ಅಂಗಡಿಯವರು, ಬ್ಯಾಂಕಿನವರು, ಯಾರೂ ತಲೆಕೆಡಿಸಿಕೊಂಡಂತಿರಲಿಲ್ಲ. "ಇಲ್ಲಿ ಮಾಯವಾಗೋದು ಪಾರ್ಕಿಂಗ್ ಜಾಗ ಮಾತ್ರ" ಎಂದ ಒಬ್ಬ. ಇವರು ಮುಖ ಸಣ್ಣಗೆ ಮಾಡಿಕೊಂಡರು.

ಅನಘಾ ನಮಗೆ ಅವಳ ಹಡಗು ತೋರಿಸಿದಳು. ನಾನು ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಒಂದೊಂದನ್ನೇ ನೋಡಿದೆ. ತೇಲುವ ಅಂಗಿಗಳನ್ನು ಎಳೆದು ನೋಡಿದೆ, ರೇಡಿಯೋ ಎಷ್ಟಿವೆ ಕೇಳಿದೆ, ಅಡುಗೆಮನೆಯಲ್ಲಿ ಅನ್ನ ಮಾಡಲು ಕುಕ್ಕರ್ ಇದೆಯಾ ಅಂತಲೂ ವಿಚಾರಿಸಿದೆ. ಎಲ್ಲ ಸರಿಯಾಗೇ ಇತ್ತು. ಆದರೆ ಹಡಗಿನ ತುದಿಯಲ್ಲಿ ನಿಂತು ಆಚೆ ನೋಡಿದರೆ ನೀರಿಗೆ ಕೊನೆಯೇ ಇಲ್ಲ. ನನ್ನ ಮಗಳು ಈ ನೀರಿನ ಮೇಲೆ ಒಂದು ಚುಕ್ಕೆಯಾಗಿ ಹೋಗುತ್ತಾಳೆ ಅಂತ ನೆನೆದು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಏನಂತೀಯ ಅಮ್ಮ?" ಎಂದಳು.

ನನ್ನ ನೌಕರಿಯಲ್ಲಿ ಕಲಿತ ಉತ್ತರವನ್ನೇ ಕೊಟ್ಟೆ. "ವಿಷಯ ಪರಿಶೀಲನೆಯಲ್ಲಿದೆ."

"ಮಂಗಳವಾರ ಹಡಗು ಹೊರಡತ್ತೆ. ಅಷ್ಟರೊಳಗೆ ಫೈಲ್ ಕ್ಲಿಯರ್ ಮಾಡು, ಪ್ಲೀಸ್" ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆವರಿತ್ತು.

ಭಾನುವಾರ, ಕೊಲ್ಲಿಯ ಹತ್ತಿರ

ಭಾನುವಾರ ಅಲ್ಲಿ ಎಲ್ಲರ ಮನೆಯಲ್ಲೂ ದೊಡ್ಡ ತಿಂಡಿ. ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು, ಬೆಣ್ಣೆಹಣ್ಣು, ಜೊತೆಗೆ ಉಪ್ಪುಮೀನು. ನಮಗೋಸ್ಕರ ಮಿಸ್ ಐವಿ ಮೀನು ಬಿಟ್ಟು ಬೇರೆ ತಟ್ಟೆ ಮಾಡುತ್ತಿದ್ದರು. ನಾನು ಅದರ ಮೇಲೆ ಉದುರಿಸಲು ಚಟ್ನಿಪುಡಿ ಡಬ್ಬಿ ತೆಗೆದಿಟ್ಟಿದ್ದೆ. ಅನಘಾ ಹಡಗಿಗೆ ಸಾಮಾನು ಏರಿಸಲು ಬೆಳಿಗ್ಗೆಯೇ ಹೋಗಿದ್ದಳು.

ಅಷ್ಟರಲ್ಲಿ ನಮ್ಮವರು ಗುಲಾಬಿ ಚಡ್ಡಿ, ಕರೀ ಸಾಕ್ಸು ಏರಿಸಿಕೊಂಡು ಗೇಟಿನಿಂದ, "ಬಾರೇ, ಕೊಲ್ಲಿ ತನಕ ಹೋಗಿ ಬರೋಣ. ಆಲೂಗಡ್ಡೆ ಬೇಯೋದರೊಳಗೆ ವಾಪಸ್ಸು" ಎಂದರು. ನಾನು ಚಪ್ಪಲಿ ಮೆಟ್ಟುತ್ತಾ, ಮನಸ್ಸಿನಲ್ಲಿ ಈಗ ಬಂದ್ವಿ ಅಂದುಕೊಂಡು, ಅದನ್ನೇ ಇಂಗ್ಲಿಷಿಗೆ ತಿರುಗಿಸಿ, "ಜಸ್ಟ್ ನೌ ಕಮಿಂಗ್, ಮಿಸ್ ಐವಿ!" ಎಂದು ಕೂಗಿದೆ. ಕಪ್ಪು ಬೋರಲು ಹಾಕಲಿಲ್ಲ. ಈಗ ಬರುವವರಿಗೆ ಕಪ್ಪು ಯಾಕೆ? ನನ್ನ ಫೋನು ಮಂಚದ ಪಕ್ಕ ಚಾರ್ಜಿಗಿತ್ತು. ಇವರು ವಿಮಾನದಲ್ಲಿ ಆಫ್ ಮಾಡಿದ ಫೋನನ್ನು ಆಮೇಲೆ ಆನ್ ಮಾಡಿಯೇ ಇರಲಿಲ್ಲ.

ಕೊಲ್ಲಿಯ ಕಟ್ಟೆಯಲ್ಲಿ ಒಂದು ದೋಣಿ ಹೊರಡುತ್ತಿತ್ತು. ತಳಕ್ಕೆ ಗಾಜು ಹಾಕಿದ ದೋಣಿ. ಕ್ಲೈವ್ ಅಂತ ಅದರ ಯಜಮಾನ. ಎರಡು ಕಡೆಯಿಂದಲೂ ಗುಡ್ ಮಾರ್ನಿಂಗ್ ಆದ ಮೇಲೆ, ಹವಳದ ದಿಬ್ಬದ ಮೇಲೆ ಮುಳುಗಿದ ಹಳೇ ಹಡಗೊಂದನ್ನು ನೋಡೋಕೆ ಹೋಗ್ತಾ ಇದ್ದೀವಿ, ಎರಡು ಜಾಗ ಖಾಲಿ ಇದೆ, ಬರ್ತೀರಾ ಎಂದ. ಮುಳುಗಿದ ಹಡಗು! ಆ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವರು ದೋಣಿಯೊಳಗಿದ್ದರು. ಮಿಸ್ ಐವಿ ಕಾಯ್ತಾ ಇರ್ತಾರೆ ರೀ ಅಂದೆ. "ಚಲೋ ಚಲೋ, ಈಗ ಹೋಗಿ ಈಗ ಬರ್ತೀವಿ" ಎಂದರು. ನಾನೂ ಸೀರೆ ಎತ್ತಿ ಹಿಡಿದು ಹತ್ತಿದೆ. ಒಳ್ಳೆ ಬಿಸಿಲಿತ್ತು, ಗಾಳಿ ಹಿತವಾಗಿತ್ತು, ನನಗೂ ಆಸೆಯಾಗಿತ್ತು ಅನ್ನಿ.

ಗಾಜಿನ ಕೆಳಗೆ ಗಿಳಿಬಣ್ಣದ ಮೀನುಗಳು, ಅವುಗಳ ಕೆಳಗೆ ತುಕ್ಕು ಹಿಡಿದ ಹಡಗಿನ ಪಕ್ಕೆಲುಬು. ಅದರೊಳಗೆ ಮೀನುಗಳು ಬಾಗಿಲಿಲ್ಲದ ಮನೆಯಲ್ಲಿ ಓಡಾಡುವ ಹಾಗೆ ಓಡಾಡುತ್ತಿದ್ದವು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮವರು ಮಾತ್ರ, "ಇದು ಕಾಣೆಯಾಗಿಲ್ಲವಲ್ಲ, ಇಲ್ಲೇ ಇದೆಯಲ್ಲ" ಎಂದರು.

ಕ್ಲೈವ್ ನಕ್ಕ. "ಈ ದಿಬ್ಬಗಳು ತಿಂದ ಹಡಗುಗಳು ಬಹಳ ಇವೆ. ಅವೆಲ್ಲ ಎಲ್ಲಿವೆ ಅಂತ ನಮಗೆ ಗೊತ್ತು. ಆಚೆ, ಆಳದಲ್ಲಿ ಹೋದವುಗಳ ಕಥೆ ಬೇರೆ. ಬಿರುಗಾಳಿ ಇರಬಹುದು, ಎಂಜಿನ್ ಇರಬಹುದು, ದಾರಿ ತಪ್ಪಿರಬಹುದು. ಕೆಲವು ಯಾಕೆ ಹೋದವು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಅನ್ನೋರನ್ನ ನಂಬಬೇಡಿ" ಎಂದ.

ನಮ್ಮವರು ಖುಷಿಯಿಂದ ಏನೋ ಹೇಳಲು ಬಾಯಿ ತೆರೆದರು. ಮಾತಿನ ಬದಲು ಬೇರೇನೋ ಬರುವ ಸೂಚನೆ ಕಂಡಿತು. ಇಷ್ಟು ವರ್ಷ ಸಪ್ತಸಾಗರಗಳನ್ನು ಬೋರ್ಡಿನ ಮೇಲೆ ಬರೆದ ಮನುಷ್ಯ ದೋಣಿಯ ಅಂಚು ಹಿಡಿದು ಬಾಗಿದರು. ನಾನು ಬೆನ್ನು ಸವರುತ್ತಾ ಕೂತೆ. ಹೋಗಿ ಬರುವುದಕ್ಕೆ ಅಂದುಕೊಂಡದ್ದಕ್ಕಿಂತ ಬಹಳ ಹೊತ್ತಾಗಿತ್ತು.

ಆಗಲೇ ದೋಣಿಯ ರೇಡಿಯೋ ಗರಗರ ಅಂದಿತು. ಕ್ಲೈವ್ ಸದ್ದು ಹೆಚ್ಚು ಮಾಡಿದ. ಬಂದರಿನಿಂದ ಒಬ್ಬ ಹೆಣ್ಣುಮಗಳು ಬಿಡಿಬಿಡಿಯಾಗಿ ಓದಿದಳು: ಎಲ್ಲ ದೋಣಿಗಳ ಗಮನಕ್ಕೆ. ಭಾರತದಿಂದ ಬಂದ ದಂಪತಿ ಕಾಣೆಯಾಗಿದ್ದಾರೆ. ವಯಸ್ಸಾದ ಮಹಿಳೆ, ಹಳದಿ ಬಣ್ಣದ ಉದ್ದನೆಯ ಉಡುಪು. ಗಂಡಸು, ಗುಲಾಬಿ ಚಡ್ಡಿ, ಕರೀ ಸಾಕ್ಸು. ಕೊನೆಯ ಬಾರಿಗೆ 'ಈಗಲೇ ಬರುತ್ತಿದ್ದೇವೆ' ಎಂದು ಹೇಳಿದ್ದು ಕೇಳಿಸಿದೆ.

ಇಡೀ ದೋಣಿ ನಮ್ಮ ಕಡೆ ತಿರುಗಿತು. ನಾನು ನನ್ನ ಹಳದಿ ಸೀರೆ ನೋಡಿಕೊಂಡೆ. ವಯಸ್ಸಾದ ಅಂದದ್ದಕ್ಕೆ ಸಿಟ್ಟೂ ಬಂತು. ನಮ್ಮವರು ಬಾಯಿ ಒರೆಸಿಕೊಂಡು ಎದ್ದು ನಿಂತರು. ಆ ಮುಖದಲ್ಲಿ ಅಂಥ ಕಳೆಯನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

"ನಾವು ಕಾಣೆಯಾಗಿದ್ದೀವಿ ಕಣೇ!" ಎಂದರು. "ಬರ್ಮುಡಾ ತ್ರಿಕೋನದಲ್ಲಿ! ನಾವೇ!"

ಮಿಸ್ ಐವಿಯ ಅಡುಗೆಮನೆ

ಕ್ಲೈವ್ ರೇಡಿಯೋದಲ್ಲಿ ನಾವು ಸಿಕ್ಕ ಸುದ್ದಿ ಹೇಳಿದ. ದಾರಿಯುದ್ದಕ್ಕೂ ಎದುರಾದ ದೋಣಿಗಳವರು ಕೈಬೀಸಿದರು, ಹಾರ್ನ್ ಹೊಡೆದರು. ನಮ್ಮವರು ಚುನಾವಣೆ ಗೆದ್ದವರಂತೆ ಎಲ್ಲರಿಗೂ ಕೈಮುಗಿದರು. ನಾನು ನಾಚಿಕೆಯಿಂದ ಸೆರಗು ತಲೆಯ ಮೇಲೆ ಎಳೆದುಕೊಂಡೆ.

ಕಟ್ಟೆಯ ಮೇಲೆ ಚರ್ಚಿನ ಟೋಪಿ ಹಾಕಿಕೊಂಡ ಮಿಸ್ ಐವಿ, ಅವರ ಪಕ್ಕ ಅನಘಾ. ನಾನು ಕಾಲಿಡುತ್ತಲೇ ಅವಳು ಬಂದು ತಬ್ಬಿಕೊಂಡು, ತಬ್ಬಿಕೊಂಡೇ ಬೈದಳು. "ಪಾಗಲ್ ಹೋ ಕ್ಯಾ ಆಪ್ ದೋನೋಂ? ಯಾರಿಗೂ ಹೇಳ್ದೆ ಹೋಗೋದಾ? ಒಂದು ಫೋನ್ ಮಾಡೋಕಾಗಲ್ವಾ? ನಾನು ಏನೇನು ಅಂದ್ಕೊಂಡೆ ಗೊತ್ತಾ?" ಒಂದೊಂದು ಮಾತೂ ಅವಳು ಮುನಿರ್ಕಾದಿಂದ ತಡವಾಗಿ ಬಂದಾಗ ನಾನು ಬೈದದ್ದೇ. ಆ ಹಿಂದಿಯೊಂದು ಬಿಟ್ಟರೆ ಅಕ್ಷರವೂ ಬದಲಾಗಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಮಾಡಿದೆ.

ಮನೆಗೆ ಬಂದು ನೋಡಿದರೆ ಮೇಜಿನ ಮೇಲೆ ನಮ್ಮಿಬ್ಬರ ತಟ್ಟೆ, ಆಲೂಗಡ್ಡೆ, ಬಾಳೆಹಣ್ಣು, ಎಳೆದಿಟ್ಟ ಎರಡು ಕುರ್ಚಿ, ಎರಡು ಕಪ್ಪು ಕಾಫಿ.

"ಬರ್ತಾ ಇದ್ದೀವಿ ಅಂದಿರಿ, ಕಾಫಿ ಸುರಿದೆ" ಎಂದರು ಮಿಸ್ ಐವಿ. "ಹಬೆ ಆಡ್ತಾ ಇತ್ತು. ಕಪ್ಪು ನೆಟ್ಟಗಿತ್ತು. ಮನೆಯಲ್ಲಿ ಮಾತ್ರ ಯಾರೂ ಇಲ್ಲ!"

ನಮ್ಮವರು ನನ್ನ ಕಡೆ ತಿರುಗಿ, "ಕೇಳಿದೆಯಾ? ಹಬೆ ಆಡ್ತಾ ಇತ್ತಂತೆ" ಎಂದರು. ಜನ್ಮ ಸಾರ್ಥಕವಾದ ಮುಖ. ತಣ್ಣಗಾದ ಆ ಕಾಫಿಯನ್ನು ಸ್ವಲ್ಪವೂ ಬಿಡದೆ ಕುಡಿದರು.

ಈಗ ಬಂದ್ವಿ ಅಂದರೆ ನಮ್ಮ ಭಾಷೆಯಲ್ಲಿ ಹೋಗುತ್ತಿದ್ದೇವೆ ಅಂತ ಅರ್ಥ ಎಂದು ನಾನು ತಪ್ಪೊಪ್ಪಿಕೊಂಡೆ. ಅನಘಾ ಮೂಗು ಒರೆಸಿಕೊಳ್ಳುತ್ತಾ, "ನಾನು ಆವತ್ತಿಂದ ಹೇಳ್ತಾ ಇದ್ದೀನಿ, ಲಾಜಿಕ್ ಇಲ್ಲ ಅಂತ" ಎಂದಳು. ಮಿಸ್ ಐವಿ ಮಾತ್ರ ನಗಲಿಲ್ಲ. ಬಾಳೆಹಣ್ಣು ಸುಲಿಯುತ್ತಾ, ಕಪ್ಪಿನ ಕಥೆ ಹೇಳುತ್ತೇನೆ ಅಂದಿದ್ದೆನಲ್ಲ, ಕೇಳಿ ಎಂದರು.

ಅವರಿಗೊಬ್ಬ ತಮ್ಮನಿದ್ದನಂತೆ. ಬಹಳ ತಮಾಷೆಯ ಹುಡುಗ, ಮೀನು ಹಿಡಿಯುವವನು. ಒಂದು ಬೆಳಿಗ್ಗೆ ಯಾರಿಗೂ ಏನೂ ಹೇಳದೆ ದೋಣಿ ತೆಗೆದುಕೊಂಡು ಹೋದ. ಗಾಳಿಯಿಲ್ಲ, ಅಲೆಯಿಲ್ಲ, ನೀರು ತಟ್ಟೆಯ ಹಾಗಿತ್ತು. ಅವನು ಯಾವಾಗ ಬರುತ್ತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಬರಲಿಲ್ಲ ಅನ್ನುವುದೂ ಬೇಗ ಗೊತ್ತಾಗಲಿಲ್ಲ. ಗೆಳೆಯರ ಮನೆಯಲ್ಲಿರಬೇಕು ಅಂತ ಇವರು, ಅಕ್ಕನ ಮನೆಯಲ್ಲಿರಬೇಕು ಅಂತ ಅವರು. ಹುಡುಕಲು ಹೋಗುವಷ್ಟರಲ್ಲಿ ಸಮುದ್ರ ಬಹಳ ದೊಡ್ಡದಾಗಿಬಿಟ್ಟಿತ್ತು. ದೋಣಿಯ ಒಂದು ಹಲಗೆಯೂ ಸಿಗಲಿಲ್ಲ.

"ಏನಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಎಂದರು. "ಆವತ್ತಿಂದ ಈ ಮನೆಯಲ್ಲಿ ಬರೋ ಹೊತ್ತು ಹೇಳದೆ ಯಾರೂ ಹೊಸಿಲು ದಾಟಲ್ಲ. ನೀವು ಬರ್ತಾ ಇದ್ದೀವಿ ಅಂದಿರಿ, ಬರಲಿಲ್ಲ. ಕಾಫಿ ಆರುವ ಮುಂಚೆ ನಾನು ಫೋನ್ ಎತ್ತಿಕೊಂಡೆ. ಬರ್ತೀನಿ ಅಂದವರನ್ನ ಹುಡುಕೋದು ಸುಲಭ."

ಲಿಫ್ಟಿನ ಬಾಗಿಲಿಂದ ಮಗಳನ್ನು ವಾಪಸ್ಸು ಕರೆದು ಬರ್ತೀನಿ ಅನ್ನು ಅಂತ ಹಟ ಹಿಡಿಯುತ್ತಿದ್ದೆನಲ್ಲ, ಅದರ ಲಾಜಿಕ್ಕನ್ನು ನನಗೆ ಹೇಳಲು ಈ ಪುಣ್ಯಾತ್ಗಿತ್ತಿ ಬೇಕಾಯಿತು. ಅದು ಸುಳ್ಳೂ ಅಲ್ಲ, ಶಾಸ್ತ್ರವೂ ಅಲ್ಲ. ನನ್ನನ್ನು ಕಾಯುತ್ತಿರಿ ಅಂತ ಒಪ್ಪಿಸಿ ಹೋಗುವುದು.

ಅನಘಾ ನನ್ನ ಪಕ್ಕ ಬಂದು ನೆಲದ ಮೇಲೆ ಕೂತು ಮಂಡಿಗೆ ತಲೆ ಆನಿಸಿದಳು. "ಅಮ್ಮ, ನಾನು ಹಡಗಲ್ಲಿ ಹೋಗಲ್ಲ. ಒಂದು ಬೆಳಿಗ್ಗೆ ನೀವು ಕಾಣ್ಲಿಲ್ಲ ಅಂದಿದ್ದಕ್ಕೇ ನನಗೆ ಹೀಗಾಯ್ತು. ನಿನಗೆ ಅಷ್ಟು ದಿನ ಹೀಗಾಗೋದು ಬೇಡ. ನಾನು ಬೇರೆ ಏನಾದ್ರೂ ಕೆಲಸ ನೋಡ್ಕೋತೀನಿ" ಎಂದಳು.

ನಾನು ಬಯಸಿ ಬಂದದ್ದೇ ಇದು. 'ಬೇಡ' ಅನ್ನುವ ಕಷ್ಟವನ್ನೂ ನನಗೆ ಕೊಡದೆ ಅವಳೇ ಬಿಟ್ಟುಕೊಡುತ್ತಿದ್ದಳು. ಆದರೆ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ. ತುತ್ತು ಬಾಯಲ್ಲಿಟ್ಟುಕೊಂಡು 'ಆಮೇಲೆ ಎಲ್ಲಿಗೆ ಹೋಯ್ತು' ಅಂತ ಕೇಳುತ್ತಿದ್ದ ಹುಡುಗಿ ಇವಳು. ಆ ಪ್ರಶ್ನೆಯನ್ನು ನನಗೋಸ್ಕರ ನುಂಗಿಕೊಂಡು ಘಾಜಿಯಾಬಾದಿಗೆ ವಾಪಸ್ಸು ಬಂದರೆ ನಾನು ಅವಳ ಮುಖ ಹೇಗೆ ನೋಡಲಿ? ಇತ್ತ ಮಿಸ್ ಐವಿಯ ಕಿಟಕಿಯ ಮೇಲೆ ಕಪ್ಪುಗಳು ಸಾಲಾಗಿ ಕೂತಿದ್ದವು. ನಾಲ್ಕು ದಿನದ ಅತಿಥಿಗಳನ್ನು ಕಾಫಿ ಆರುವ ಮುಂಚೆ ಹುಡುಕಲು ಹೊರಟ ಜನ, ನನ್ನ ಮಗಳನ್ನು ಬಿಟ್ಟಾರೆಯೇ?

ಅವಳ ತಲೆಗೂದಲು ಸರಿಮಾಡಿ, "ಹೋಗ್ಬಾ" ಎಂದೆ.

ಅವಳು ತಲೆ ಎತ್ತಿದಳು. "ಹೋಗು ಅಂದ್ಯಾ, ಬಾ ಅಂದ್ಯಾ?"

"ಎರಡೂ ಒಂದೇ ಮಾತು ಕಣೇ. ಹೋಗ್ಬಾ."

ಅವಳು ಕಿರುಚಿದ್ದಕ್ಕೆ ಮಿಸ್ ಐವಿಯ ಕೈಯಿಂದ ಬಾಳೆಹಣ್ಣು ಬಿತ್ತು. ನಮ್ಮವರು, "ಫೈಲ್ ಕ್ಲಿಯರ್!" ಅಂತ ಮೇಜು ಗುದ್ದಿದರು. ಆಮೇಲೆ ನಾಲ್ವರೂ ತಣ್ಣಗಿನ ಆಲೂಗಡ್ಡೆಗೆ ಚಟ್ನಿಪುಡಿ ಕಲೆಸಿಕೊಂಡು ತಿಂದೆವು. ಮಿಸ್ ಐವಿ ಕಣ್ಣಲ್ಲಿ ನೀರು ಸುರಿಸಿಕೊಂಡು ಎರಡನೇ ಸಲ ಹಾಕಿಸಿಕೊಂಡರು, ಖಾರಕ್ಕೆ.

ಹಡಗುಕಟ್ಟೆ

ಮಂಗಳವಾರ ಬೆಳಿಗ್ಗೆ ಅನಘಾ ತನ್ನ ನೀಲಿ ಕಪ್ಪನ್ನು ಬೋರಲು ಹಾಕಿ, "ಮುಂದಿನ ವಾರ ಗುರುವಾರ, ತಿಂಡಿ ಹೊತ್ತಿಗೆ" ಎಂದು ಮಿಸ್ ಐವಿಗೆ ಹೇಳಿದಳು. ಕಟ್ಟೆಯಲ್ಲಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹಡಗು ಹತ್ತಿದಳು. ನಾನು ಅಳಬಾರದು ಅಂತ ಪಣ ತೊಟ್ಟಿದ್ದೆ. ನಮ್ಮವರು ತೊಟ್ಟಿರಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು.

ಹಡಗು ಕಟ್ಟೆ ಬಿಟ್ಟು ಜರುಗಿದಾಗ ಅವಳು ಕಂಬಿಗೆ ಜೋತುಬಿದ್ದು, ಎರಡೂ ಕೈ ಬಾಯಿಗಿಟ್ಟು ಕೂಗಿದಳು. "ಅಮ್ಮಾ! ಈಗ ಬಂದೆ!"

ಅವಳೇನಂದಳು ಅಂತ ಮಿಸ್ ಐವಿ ಕೇಳಿದರು. ಹೇಳಿದೆ. "ಅಯ್ಯೋ ದೇವರೇ, ಮತ್ತೆ ಅದೇನಾ?" ಎಂದು ಅವರು ಟೋಪಿ ಹಿಡಿದುಕೊಂಡು ನಕ್ಕರು. ಹಡಗು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ, ಕಾಣದಾಗುವ ತನಕ ನಾವು ಅಲ್ಲೇ ನಿಂತಿದ್ದೆವು.

ಮತ್ತೆ ಘಾಜಿಯಾಬಾದ್

ಮರುದಿನವೇ ನಮ್ಮ ವಿಮಾನ. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಅನಘಾಳ ಸ್ಟೀಲ್ ಲೋಟವನ್ನು ಅಡುಗೆಮನೆಯ ಕಿಟಕಿಯಲ್ಲಿ ಬೋರಲು ಹಾಕಿದ್ದು. ಇದನ್ನು ಯಾರಾದರೂ ಮುಟ್ಟಿದರೆ ನೋಡಿ ಎಂದೆ. ಹೆಪ್ಪಿಗೆ ಮೊಸರು ಕೇಳಲು ಬಂದ ಮಿಸೆಸ್ ಚೋಪ್ರಾ ಗೊತ್ತಿಲ್ಲದೆ ಅದಕ್ಕೇ ಕೈಹಾಕಿದರು. ನಾನು ಕೂಗಿದ ಕೂಗಿಗೆ ಅವರು ಮೊಸರೂ ಬೇಡ ಏನೂ ಬೇಡ ಅಂತ ಓಡಿದರು. ಆಮೇಲೆ ಕಥೆಯೆಲ್ಲ ಹೇಳಿ ಸಮಾಧಾನ ಮಾಡಿದೆ. ಈಗ ಅವರೂ ದಿನಾ ಬಾಗಿಲಿಂದ ಇಣುಕಿ, "ಗಿಲಾಸ್ ಸೀಧಾ ಹುವಾ ಕ್ಯಾ?", ಲೋಟ ನೆಟ್ಟಗಾಯಿತಾ ಅಂತ ವಿಚಾರಿಸತೊಡಗಿದರು.

ಮುಖರ್ಜಿ ನಗರದಲ್ಲಿ ನಮ್ಮವರ ಕ್ಲಾಸಿಗೆ ನಿಲ್ಲಲೂ ಜಾಗವಿಲ್ಲವಂತೆ. ತ್ರಿಕೋನ ಬರೆದು, ಅದರ ಒಂದು ಮೂಲೆಯಲ್ಲಿ ಎರಡು ಚುಕ್ಕೆ ಇಟ್ಟು, "ಇವರು ಇಲ್ಲಿ ಕಾಣೆಯಾದರು. ಮೇಜಿನ ಮೇಲೆ ಕಾಫಿ ಹಬೆಯಾಡುತ್ತಿತ್ತು. ಅವರು ಯಾರು ಗೊತ್ತಾ?" ಅಂತ ಕೇಳುತ್ತಾರಂತೆ. ಗುಲಾಬಿ ಚಡ್ಡಿ ಹಾಕಿಕೊಂಡು ಹೋಗಲು ನಾನು ಬಿಡಲಿಲ್ಲ.

ಗುರುವಾರ ಬೆಳಗಿನಿಂದ ನನ್ನ ಕೈಗೆ ಯಾವ ಕೆಲಸವೂ ಹತ್ತಲಿಲ್ಲ. ಅಲ್ಲಿ ತಿಂಡಿ ಹೊತ್ತು ಅಂದರೆ ಇಲ್ಲಿ ಸಂಜೆ ಅಂತ ಗೊತ್ತಿದ್ದರೂ ಮಧ್ಯಾಹ್ನದಿಂದಲೇ ಫೋನನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ದೀಪ ಹಚ್ಚಿ ಇನ್ನೇನು ಕೈಮುಗಿಯಬೇಕು, ಫೋನು ಟಿಂಗ್ ಎಂದಿತು. ಕನ್ನಡ ಅಕ್ಷರದಲ್ಲಿ ಒಂದೇ ಪದ.

"ಬಂದೆ."

ಲೋಟಕ್ಕೆ ಕೈ ಚಾಚಿದೆ. ಚಾಚಿದ ಕೈ ಹಾಗೇ ನಿಂತಿತು. ತಕ್ಷಣ ಫೋನ್ ಮಾಡಿದೆ.

"ಅನೂ, ಬಂದೆ ಅಂದ್ರೆ ಬಂದಿದ್ದೀಯೋ, ಇಲ್ಲ ಬರ್ತಾ ಇದ್ದೀಯೋ?"

ಆ ಕಡೆಯಿಂದ ಅವಳು ನಕ್ಕ ಸದ್ದು ಮನೆ ತುಂಬಿತು. "ಬಂದೇಬಿಟ್ಟಿದ್ದೀನಿ ಅಮ್ಮ! ಮಿಸ್ ಐವಿ ಅಡುಗೆಮನೇಲಿ ನಿಂತಿದ್ದೀನಿ. ಕಪ್ ಸೀದಾ ಇಟ್ಟಾಯ್ತು. ಕಾಫೀನೂ ಹಾಕಿದ್ದಾರೆ." ಹಿಂದಿನಿಂದ ಮಿಸ್ ಐವಿಯ ದನಿ ಕೇಳಿಸಿತು. ನಿಮ್ಮಮ್ಮ ಮೊದಲು ಗುಡ್ ಮಾರ್ನಿಂಗ್ ಹೇಳಿದಳಾ ಅಂತ ಕೇಳುತ್ತಿದ್ದರು.

ಘಾಜಿಯಾಬಾದಿನ ದೀಪ ಹಚ್ಚಿದ ಸಂಜೆಯಲ್ಲಿ ನಾನು ಗಟ್ಟಿಯಾಗಿ ಗುಡ್ ಮಾರ್ನಿಂಗ್ ಹೇಳಿದೆ. ಆಮೇಲೆ ಲೋಟವನ್ನು ನೆಟ್ಟಗೆ ಮಾಡಿ, ತೊಳೆದು, ಅದರಲ್ಲೇ ಕಾಫಿ ಹಾಕಿಕೊಂಡು ಕುಡಿದೆ.